ವ್ಯಾಪಾರಿಯ ಲೆಕ್ಕವಷ್ಟೇ ತೆರೆದರೆ ಸಾಲದು

ರಾಯಚೂರು ಜಿಲ್ಲೆಯ ಸಿಂಧನೂರಿನ ವ್ಯಾಪಾರಕ್ಕೆ ಪಂಚಾಂಗ ಬರೆಯುವುದು ತುಂಗಭದ್ರಾ ಎಡದಂಡೆ ನಾಲೆ. ಮುಂಗಾರಿನಲ್ಲಿ ನಾಲೆಗೆ ನೀರು ಬಿಟ್ಟ ಸುದ್ದಿ ಬಂತೆಂದರೆ ಭತ್ತದ ನಾಟಿಗೆ ಗದ್ದೆಗಳು ಸಜ್ಜಾಗುತ್ತವೆ. ಅದರ ಬೆನ್ನಿಗೇ ಗೊಬ್ಬರ, ಔಷಧಿ, ಡೀಸೆಲ್, ಟ್ರ್ಯಾಕ್ಟರ್ ರಿಪೇರಿ, ಕಿರಾಣಿ ಎಲ್ಲದರ ಮಾರಾಟವೂ ಏರುತ್ತದೆ. ಹಾಗೆಂದು ಗಲ್ಲಾಪೆಟ್ಟಿಗೆ ತುಂಬುವುದಿಲ್ಲ, ಏಕೆಂದರೆ ಈ ವ್ಯಾಪಾರದ ದೊಡ್ಡ ಪಾಲು ಉದ್ರಿ. ಕೊಯ್ಲಾಗಿ, ಭತ್ತ ಎಪಿಎಂಸಿಗೋ ರೈಸ್‌ಮಿಲ್ಲಿಗೋ ಹೋಗಿ, ರೈತನ ಕೈಗೆ ದುಡ್ಡು ಬಂದ ಮೇಲೆಯೇ ಅಂಗಡಿಯ ಬಾಕಿ ಚುಕ್ತಾ. ಅಲ್ಲಿಯವರೆಗೆ ನಾಲ್ಕೈದು ತಿಂಗಳು ಸಗಟು ವ್ಯಾಪಾರಿಗೆ ದುಡ್ಡು ಕಟ್ಟಬೇಕು, ಆಳಿಗೆ ಸಂಬಳ ಕೊಡಬೇಕು, ಅಂಗಡಿ ಬಾಡಿಗೆ ತುಂಬಬೇಕು. ಲಿಂಗಸುಗೂರು, ಮಸ್ಕಿ ಕಡೆ ತೊಗರಿ, ಹತ್ತಿ, ಸೂರ್ಯಕಾಂತಿಗಳ ಮಳೆಯಾಶ್ರಿತ ಹೊಲಗಳೇ ಹೆಚ್ಚಿರುವಲ್ಲಿ ತಿಂಗಳುಗಳು ಬೇರೆ, ಕಥೆ ಇದೇ. ದೊಡ್ಡ ಕಂಪನಿಗೆ ಬಿಡಿಭಾಗವನ್ನೋ ಕ್ಯಾಂಟೀನಿಗೆ ತರಕಾರಿಯನ್ನೋ ಪೂರೈಸುವ ಸಣ್ಣ ಗುತ್ತಿಗೆದಾರನದೂ ಬಿಲ್ಲು ಪಾಸಾಗುವವರೆಗೆ ಇದೇ ಪಾಡು. ಈ ನಡುಗಾಲವನ್ನು ದಾಟಿಸುವುದು ಬಹುಮಟ್ಟಿಗೆ ಕೈಗಡ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷದ ಲೆಕ್ಕದಲ್ಲಿ ಅದು ಶೇ 24. ಒಂದು ಲಕ್ಷಕ್ಕೆ ನಾಲ್ಕು ತಿಂಗಳಿಗೆ 8,000 ರೂಪಾಯಿ. ಬ್ಯಾಂಕು ಶೇ 12ರ ದರದಲ್ಲಿ ಕೊಟ್ಟಿದ್ದರೆ 4,000. ಸಣ್ಣ ಅಂಗಡಿಗಳು ಬೆಳೆಯದಿರಲು ಕಾರಣ ಹುಡುಕುವವರು ಈ ಉಳಿದ ನಾಲ್ಕು ಸಾವಿರದಿಂದ ಶುರು ಮಾಡಬಹುದು.

ಬ್ಯಾಂಕು ಏಕೆ ಕೊಡುವುದಿಲ್ಲ? ಸಣ್ಣ ವ್ಯಾಪಾರಿಯ ಮೇಲೆ ನಂಬಿಕೆಯಿಲ್ಲ ಎಂಬುದು ಸುಲಭದ ಉತ್ತರ. ನಂಬಲು ಬೇಕಾದ ಆಧಾರ ಮ್ಯಾನೇಜರ ಮೇಜಿನ ಮೇಲಿಲ್ಲ ಎಂಬುದು ಹೆಚ್ಚು ಸರಿಯಾದ ಉತ್ತರ. ಸಾಲ ತೀರಿಸುವವರು ಯಾರು, ಮುಳುಗಿಸುವವರು ಯಾರು ಎಂದು ಬ್ಯಾಂಕಿಗೆ ಗೊತ್ತಾಗದಿದ್ದಾಗ ಬಡ್ಡಿ ಏರಿಸಿಯೂ ಪ್ರಯೋಜನವಿಲ್ಲ. ಎಚ್ಚರದ ವ್ಯಾಪಾರಿ ಹಿಂದೆ ಸರಿಯುತ್ತಾನೆ, ಹುಂಬ ಮಾತ್ರ ಉಳಿಯುತ್ತಾನೆ. ಆದ್ದರಿಂದ ಹೆಚ್ಚು ಬಡ್ಡಿ ಕೊಡಲು ಸಿದ್ಧನಿರುವ ಒಳ್ಳೆಯ ಗಿರಾಕಿಗೂ ಬ್ಯಾಂಕು ಇಲ್ಲವೆನ್ನುತ್ತದೆ ಎಂದು ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆ್ಯಂಡ್ರ್ಯೂ ವೈಸ್ 1981ರಲ್ಲೇ ತೋರಿಸಿದ್ದರು. ಸಿಂಧನೂರಿನ ಗೊಬ್ಬರದಂಗಡಿಯ ಪಾಸ್‌ಬುಕ್ಕನ್ನು ಆಗಸ್ಟ್ ತಿಂಗಳಲ್ಲಿ ತೆರೆದರೆ ಖಾತೆ ಬರಿದು. ಜನವರಿಯಲ್ಲಿ ತೆರೆದರೆ ತುಂಬಿದ ಕೆರೆ. ವರ್ಷದ ಸರಾಸರಿ ಶಿಲ್ಕು ನೋಡುವ ಅಧಿಕಾರಿಗೆ ಇವೆರಡೂ ಕಾಣುವುದಿಲ್ಲ. ಅವರಿಗೆ ಕಾಣುವುದು ಅಡವಿಡಲು ಆಸ್ತಿಯಿದೆಯೇ ಎಂಬುದು. ವ್ಯಾಪಾರಿಯ ಬಳಿ ಇರುವ ನಿಜವಾದ ಆಸ್ತಿ ಅವನ ಉದ್ರಿ ಪುಸ್ತಕ, ಆದರೆ ಬ್ಯಾಂಕಿನ ಪಾಲಿಗೆ ಅದು ಬರೀ ಗೀಚು. ವಿಚಿತ್ರವೆಂದರೆ ಅದೇ ವ್ಯಾಪಾರದ ಗಟ್ಟಿ ಪುರಾವೆಗಳು ಬೇರೆಡೆ ಇವೆ. ಯುಪಿಐ ಜಮೆ ಬೇರೊಂದು ಬ್ಯಾಂಕಿನಲ್ಲಿ, ಖರೀದಿ–ಮಾರಾಟದ ವಿವರ ಜಿಎಸ್‌ಟಿ ಜಾಲದಲ್ಲಿ, ಧಾನ್ಯದ ವಹಿವಾಟು ಎಪಿಎಂಸಿಯ ಆನ್‌ಲೈನ್ ಟೆಂಡರು ಮತ್ತು ಲೆಕ್ಕ ತಿರುವಳಿಯಲ್ಲಿ, ಮಿಲ್ಲು ಎಷ್ಟು ಹೊತ್ತು ಓಡಿತು ಎಂಬುದು ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿನಲ್ಲಿ. ವ್ಯಾಪಾರಿಯ ಯೋಗ್ಯತೆಗೆ ಎಲ್ಲರ ಬಳಿಯೂ ಸಾಕ್ಷಿಯಿದೆ, ಸಾಲ ಕೇಳುವಾಗ ಅವನ ಕೈಯಲ್ಲಿ ಮಾತ್ರ ಇಲ್ಲ.

ಈ ಚದುರಿದ ಸಾಕ್ಷಿಗಳನ್ನು ವ್ಯಾಪಾರಿಯ ಒಪ್ಪಿಗೆಯ ಮೇಲೆ ಒಂದೆಡೆ ತರುವುದೇ ಮಾಹಿತಿ ಹಂಚಿಕೆಯ ಮೂಲ ಆಲೋಚನೆ. ಯು.ಕೆ. ಸಿನ್ಹಾ ನೇತೃತ್ವದ ರಿಸರ್ವ್ ಬ್ಯಾಂಕ್ ಸಮಿತಿ 2019ರಲ್ಲಿ, ದೇಶದ ಸಣ್ಣ ಉದ್ದಿಮೆಗಳಿಗೆ ಬೇಕಾದ ಸಾಲಕ್ಕೂ ಸಿಗುತ್ತಿರುವ ಸಾಲಕ್ಕೂ 20ರಿಂದ 25 ಲಕ್ಷ ಕೋಟಿ ರೂಪಾಯಿ ಅಂತರವಿದೆ ಎಂದು ಅಂದಾಜಿಸಿ, ಆಸ್ತಿ ನೋಡಿ ಕೊಡುವ ಸಾಲದಿಂದ ಹಣದ ಹರಿವು ನೋಡಿ ಕೊಡುವ ಸಾಲದತ್ತ ಹೊರಳಬೇಕೆಂದು ಹೇಳಿತ್ತು. ಅದಕ್ಕೆ ಬೇಕಾದ ಸಲಕರಣೆಯ ನಿಯಮಗಳು 2016ರಲ್ಲೇ ಹೊರಬಿದ್ದಿದ್ದವು. ‘ಅಕೌಂಟ್ ಅಗ್ರಿಗೇಟರ್’ ಎಂಬ ಆ ವ್ಯವಸ್ಥೆ 2021ರ ಸೆಪ್ಟೆಂಬರ್ 2ರಂದು ಚಾಲೂ ಆಯಿತು. 2022ರ ನವೆಂಬರ್‌ನಲ್ಲಿ ಜಿಎಸ್‌ಟಿ ಜಾಲವನ್ನೂ ಅದರೊಳಗೆ ಸೇರಿಸಲಾಯಿತು. ಕೆಲಸ ನಡೆಯುವ ಬಗೆ ಹೀಗೆ: ಸಾಲ ಕೇಳಿದವನ ಮೊಬೈಲಿಗೆ ಒಂದು ಕೋರಿಕೆ ಬರುತ್ತದೆ. ಕೇಳುತ್ತಿರುವವರು ಯಾರು, ಬೇಕಾಗಿರುವುದು ಯಾವ ಖಾತೆಯ ಎಷ್ಟು ತಿಂಗಳ ವಿವರ, ಏತಕ್ಕೆ, ಒಮ್ಮೆ ಮಾತ್ರವೋ ತಿಂಗಳು ತಿಂಗಳೋ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಆತ ಒಪ್ಪಿದರೆ ವಿವರ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಗೂಢಲಿಪಿಯಲ್ಲಿ ಸಾಗುತ್ತದೆ. ನಡುವಿನ ಅಗ್ರಿಗೇಟರ್ ಅಂಚೆಯಣ್ಣನಿದ್ದಂತೆ; ಲಕೋಟೆ ಒಯ್ಯಬಹುದು, ಒಡೆಯುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂ ಬರುತ್ತದೆ. ಇದರ ಜತೆಗೆ ಜಮೀನು ದಾಖಲೆ, ಹಾಲಿನ ಸಂಘದ ಲೆಕ್ಕ ಮುಂತಾದವನ್ನು ಸಾಲದಾತರಿಗೆ ಮುಟ್ಟಿಸುವ ಇನ್ನೊಂದು ವೇದಿಕೆಯನ್ನು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು; ‘ಯೂನಿಫೈಡ್ ಲೆಂಡಿಂಗ್ ಇಂಟರ್‌ಫೇಸ್’ ಎಂಬ ಅದರ ಹೆಸರನ್ನು ಮರುವರ್ಷ ಪ್ರಕಟಿಸಿದ್ದು ಬೆಂಗಳೂರಿನಲ್ಲೇ.

ಇಲ್ಲಿ ‘ಮುಕ್ತ’ ಎಂಬ ಮಾತನ್ನು ತುಸು ಬಿಡಿಸಿ ನೋಡಬೇಕು, ಮಸ್ಕಿಯ ಬಂಡೆ ಅದಕ್ಕೆ ನೆರವಾಗುತ್ತದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಶಾಸನ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದಕ್ಕೆ ಪ್ರಸಿದ್ಧ. ಅದರ ತಿರುಳು ಅಷ್ಟಾಗಿ ಪ್ರಸಿದ್ಧವಲ್ಲ: ಧರ್ಮದಲ್ಲಿ ನಡೆದರೆ ದೊಡ್ಡವನಿಗೆ ಸಿಗುವ ಫಲ ಸಣ್ಣವನಿಗೂ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎಂದು ಅದು ಹೇಳುತ್ತದೆ. ದಾರಿಹೋಕರೆಲ್ಲ ನೋಡಲೆಂದೇ ಬಂಡೆಯ ಮೇಲೆ ಕೊರೆಸಿದ್ದು ಪ್ರಭುತ್ವದ ಮಾತು. ಅಂಗಡಿಯವನ ಲೆಕ್ಕ ಹಾಗಲ್ಲ. ಅದು ಪೆಟ್ಟಿಗೆಯೊಳಗಿನ ವಹಿ, ತೆರೆದು ತೋರಿಸಬೇಕಾದವನು ಅವನೇ. ಸಾರ್ವಜನಿಕ ಅಧಿಕಾರ ಇರುವವರ ಮಾಹಿತಿ ಬಂಡೆಯ ಮೇಲಿರಬೇಕು, ಖಾಸಗಿ ಬದುಕಿನ ಮಾಹಿತಿ ಪೆಟ್ಟಿಗೆಯಲ್ಲಿರಬೇಕು. ಮುಕ್ತ ಮಾಹಿತಿಯ ಈಚಿನ ಉತ್ಸಾಹದಲ್ಲಿ ಇವೆರಡೂ ಅದಲುಬದಲಾಗಿವೆ. ಪೆಟ್ಟಿಗೆ ತೆರೆಯಲು ಹತ್ತು ಆ್ಯಪ್‌ಗಳಿವೆ, ಬಂಡೆ ಮಾತ್ರ ಖಾಲಿ ಇದೆ. ಸಣ್ಣ ವ್ಯಾಪಾರಿಯ ಮಾಹಿತಿ ಹರಿಯಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಬ್ಯಾಂಕುಗಳ ಮಾಹಿತಿ ಹರಿಯದೆ ಅದರ ಲಾಭ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಗೆ ಸಿಗಲಾರದು ಎಂಬುದು ನನ್ನ ವಾದ.

ಮಾಹಿತಿ ಹಂಚಿಕೆಯಿಂದ ಸಾಲ ಸಲೀಸಾಗುತ್ತದೆ ಎಂಬುದಕ್ಕೆ ದೂರ ಹೋಗಿ ಪುರಾವೆ ತರಬೇಕಿಲ್ಲ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿದೆ. ಶಾನುಭೋಗಿಕೆಯ ಕಾಲದಿಂದ ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ದಾಖಲೆ ತಾಲ್ಲೂಕು ಕಚೇರಿಯ ಕೌಂಟರಿಗೆ ಬಂತು. ಆಮೇಲೆ ಬಂದ ‘ಫ್ರೂಟ್ಸ್’ ತಂತ್ರಾಂಶ ಪ್ರತಿ ರೈತನಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಬೆಳೆಸಾಲದ ಬೋಜಾ ಪಹಣಿಯ 11ನೇ ಕಾಲಮ್ಮಿಗೆ ಬ್ಯಾಂಕಿನಿಂದ ನೇರವಾಗಿ ಸೇರುವಂತೆ ಮಾಡಿತು. ಬ್ಯಾಂಕಿಗೂ ಉಪನೋಂದಣಿ ಕಚೇರಿಗೂ ನಡುವೆ ರೈತ ಸವೆಸುತ್ತಿದ್ದ ಚಪ್ಪಲಿ ಅಷ್ಟು ಉಳಿಯಿತು. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಪೂರ್ತಿ ಡಿಜಿಟಲ್ ಮಾಡಲು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಪ್ರಯೋಗ ಆಮೇಲೆ ಕರ್ನಾಟಕಕ್ಕೂ ವಿಸ್ತರಿಸಿತು. ಆದರೆ ಅದೇ ‘ಭೂಮಿ’ ಒಂದು ಎಚ್ಚರಿಕೆಯನ್ನೂ ಬಿಟ್ಟುಹೋಗಿದೆ. ದಾಖಲೆ ಬಯಲಿಗೆ ಬಂದದ್ದರ ಲಾಭ ಅದನ್ನು ಬಳಸಬಲ್ಲ ದೊಡ್ಡ ಕುಳಗಳಿಗೇ ಹೆಚ್ಚು ದಕ್ಕಿತು ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರು ಸುತ್ತಮುತ್ತಲ ಅಧ್ಯಯನದಿಂದ 2007ರಲ್ಲಿ ಬರೆದರು. ನಮ್ಮ ನಾಲೆ ಬಯಲಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಪಹಣಿಯ 9ನೇ ಕಾಲಮ್ಮಿನಲ್ಲಿ ಇರುವುದು ಮಾಲೀಕನ ಹೆಸರು. ಗುತ್ತಿಗೆಗೆ ಹೊಲ ಹಿಡಿದು ಉಳುವವನ ಬಾಯಿಮಾತಿನ ಕರಾರು ಯಾವ ತಂತ್ರಾಂಶಕ್ಕೂ ಕೇಳಿಸುವುದಿಲ್ಲ. ದಾಖಲೆ ಎಷ್ಟು ಚುರುಕಾದರೂ ಅದರಲ್ಲಿ ಹೆಸರಿಲ್ಲದವನಿಗೆ ಅದು ಇನ್ನಷ್ಟು ಬೇಗ ಮುಚ್ಚುವ ಬಾಗಿಲು.

ಮೊದಲ ಆಕ್ಷೇಪಣೆ ಹುಟ್ಟುವುದು ಇಲ್ಲಿಂದಲೇ. ದಾಖಲೆ ಇರುವವರಿಗೆ ತಾನೇ ಇದೆಲ್ಲ? ನಗದು ಮತ್ತು ಉದ್ರಿಯಲ್ಲೇ ನಡೆಯುವ ವ್ಯಾಪಾರಕ್ಕೆ ಡಿಜಿಟಲ್ ನೆರಳೇ ಬೀಳುವುದಿಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅಂದರೆ ಮಸ್ಕಿಯ ಸಂತೆಯಲ್ಲಿ ಕೂರುವ ಬಹುತೇಕರು ಆ ಜಾಲದ ಹೊರಗೇ ಇದ್ದಾರೆ. ಎಷ್ಟೋ ಅಂಗಡಿಗಳಲ್ಲಿ ದುಡಿಯುವವಳು ಹೆಂಡತಿ, ಕ್ಯೂಆರ್ ಕೋಡು ಗಂಡನ ಖಾತೆಯದು. ಆಕ್ಷೇಪಣೆ ಸರಿಯಾಗಿಯೇ ಇದೆ, ಆದರೆ ಅದು ಹೇಳುವುದು ಹಂಚಿಕೆ ಬೇಡವೆಂದಲ್ಲ, ಹಂಚುವ ಮಾಹಿತಿಯ ಬಗೆ ಹಿಗ್ಗಬೇಕೆಂದು. ಅಕೌಂಟ್ ಅಗ್ರಿಗೇಟರ್ ಚೌಕಟ್ಟಿನೊಳಗೆ ಇರುವುದು ಬ್ಯಾಂಕು, ವಿಮೆ, ಷೇರು, ಪಿಂಚಣಿ ಮತ್ತು ಜಿಎಸ್‌ಟಿ ವಿವರಗಳು. ಎಪಿಎಂಸಿಯ ಲೆಕ್ಕ ತಿರುವಳಿಯಾಗಲಿ ಜೆಸ್ಕಾಂ ಬಿಲ್ಲಾಗಲಿ ಆ ಪಟ್ಟಿಯಲ್ಲಿಲ್ಲ. ಮಹಾನಗರದ ನೌಕರನಿಗೆ ಹೊಲಿದ ಅಂಗಿ ಇದು. ಎಪಿಎಂಸಿಗಳ ಏಕೀಕೃತ ಆನ್‌ಲೈನ್ ಮಾರುಕಟ್ಟೆಯನ್ನು 2014ರಲ್ಲೇ ಕಟ್ಟಿದ ರಾಜ್ಯಕ್ಕೆ, ಸಣ್ಣ ಖರೀದಿದಾರನೂ ದಲಾಲಿ ಅಂಗಡಿಯವನೂ ತಮ್ಮ ಐದು ವರ್ಷದ ವಹಿವಾಟನ್ನು ಸಹಿ ಮಾಡಿದ ಡಿಜಿಟಲ್ ಪ್ರತಿಯಾಗಿ ಪಡೆಯುವಂತೆ ಮಾಡುವುದು ದೊಡ್ಡ ಕೆಲಸವೇನಲ್ಲ. ಏನೂ ದಾಖಲೆ ಇಲ್ಲದವರಿಗೆ ಸಣ್ಣ ಸಾಲವೇ ದಾಖಲೆ ಹುಟ್ಟಿಸುವ ದಾರಿ. 2020ರಲ್ಲಿ ಬಂದ ಪಿಎಂ ಸ್ವನಿಧಿ ಬೀದಿ ವ್ಯಾಪಾರಿಗೆ ಮೊದಲು 10,000, ತೀರಿಸಿದರೆ 20,000, ಆಮೇಲೆ 50,000 ಎಂದು ಮೆಟ್ಟಿಲು ಹಾಕಿದ್ದು ಇದೇ ತರ್ಕದಿಂದ. ಒಂದು ನಿಯಮ ಮಾತ್ರ ಗಟ್ಟಿಯಾಗಿರಬೇಕು: ಮಾಹಿತಿ ಇರುವುದು ಅರ್ಜಿಗೆ ಬಲ ಕೊಡಲಿ, ಇಲ್ಲದಿರುವುದು ಅರ್ಜಿಯನ್ನು ಕೊಲ್ಲದಿರಲಿ.

ಎರಡನೆಯ ಆಕ್ಷೇಪಣೆ ಅಂಜಿಕೆಯದು, ಅದಕ್ಕೆ ಕಾರಣವೂ ಹಸಿಯಾಗಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ತೆರಿಗೆ ಕೇಳಿದ್ದು ಮನೆಮಾತಾಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಎಂಬುದು ಆಮೇಲಿನ ಮಾತು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಬಂದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದ ಮೇಲೆ ಕಾವು ಇಳಿಯಿತು. ಆ ನೋಟಿಸಿಗೆ ಬಳಕೆಯಾದದ್ದು ಅಕೌಂಟ್ ಅಗ್ರಿಗೇಟರ್ ಮಾಹಿತಿಯಲ್ಲ. ಪಾವತಿ ಕಂಪನಿಗಳಿಂದ ತೆರಿಗೆ ಕಾನೂನಿನ ಅಧಿಕಾರದಲ್ಲಿ ಪಡೆದದ್ದು. ಈ ವ್ಯತ್ಯಾಸ ವಕೀಲರಿಗೆ ದೊಡ್ಡದು, ಅಂಗಡಿಯವನಿಗೆ ಅಲ್ಲ. ಒಮ್ಮೆ ತೋರಿಸಿದ ಲೆಕ್ಕ ಯಾರ್‍ಯಾರ ಕೈಗೆ ಹೋದೀತೋ ಎಂಬುದಷ್ಟೇ ಅವನ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮತ್ತು ಉದ್ದೇಶದ ಮಿತಿಯನ್ನು ಹೇಳುತ್ತದೆ ನಿಜ, ಜತೆಗೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅವಕಾಶವನ್ನೂ ಇಟ್ಟುಕೊಂಡಿದೆ. ಸಾಲಕ್ಕೆಂದು ಕೊಟ್ಟ ಮಾಹಿತಿ ಸಾಲಕ್ಕೆ ಮಾತ್ರ ಎಂಬ ಒಂದು ಸಾಲಿನ ಭರವಸೆಯನ್ನು ಕಾನೂನು ಸಂದಿಲ್ಲದಂತೆ ಬರೆಯದ ಹೊರತು, ಒಪ್ಪಿಗೆಯ ಗುಂಡಿ ಒತ್ತಲು ಬೆರಳು ಹಿಂಜರಿಯುತ್ತಲೇ ಇರುತ್ತದೆ. ಆ ಹಿಂಜರಿಕೆಯನ್ನು ಅಜ್ಞಾನ ಎಂದು ಕರೆಯುವಂತಿಲ್ಲ.

ಮೂರನೆಯದು ಇನ್ನೂ ಗಂಭೀರ. ಸಾಲ ಸುಲಭವಾದರೆ ಒಳ್ಳೆಯದೇ ಆಗುತ್ತದೆಂಬ ಖಾತ್ರಿ ಏನು? ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳಕ್ಕೆ ಮನೆ ಬಿಟ್ಟವರ, ಜೀವ ಬಿಟ್ಟವರ ಸುದ್ದಿಯ ನಡುವೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ವಿಧಿಸಬೇಕಾಯಿತು. ವಾರ ವಾರ ಬಾಗಿಲಿಗೆ ಬರುವ ಸಾಲಕ್ಕೆ ನಮ್ಮ ಕಡೆ ಬರವೇನೂ ಇಲ್ಲ. ಆದರೆ ಈ ಅನುಭವ ಮಾಹಿತಿ ಹಂಚಿಕೆಯ ವಿರುದ್ಧ ಸಾಕ್ಷಿ ಹೇಳುವುದಿಲ್ಲ. ಒಬ್ಬಳೇ ಹೆಣ್ಣುಮಗಳ ಹೆಸರಿನಲ್ಲಿ ನಾಲ್ಕು ಕಡೆ ಸಾಲ ಬೆಳೆಯುವುದು, ಒಬ್ಬ ಸಾಲದಾತನ ಲೆಕ್ಕ ಇನ್ನೊಬ್ಬನಿಗೆ ಹೊತ್ತಿಗೆ ಸರಿಯಾಗಿ ಕಾಣದಿದ್ದಾಗ, ಅಥವಾ ಕಂಡರೂ ಕಣ್ಣು ಮುಚ್ಚಿಕೊಂಡಾಗ. ಕುಟುಂಬದ ಮಾಸಿಕ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮಿತಿ ಹಾಕಿದೆ. ಆದಾಯವೇ ಅಂದಾಜಿನದಾದರೆ ಅದರ ಅರ್ಧವೂ ಅಂದಾಜೇ. ಕಂತಿನ ವೇಳೆಯನ್ನೂ ಗಮನಿಸಬೇಕು. ಕೊಯ್ಲಿನಲ್ಲಿ ದುಡ್ಡು ಕಾಣುವ ಅಂಗಡಿಗೆ ಪ್ರತಿ ತಿಂಗಳ ಐದನೇ ತಾರೀಕಿನ ಕಂತು ಕಟ್ಟುವುದೆಂದರೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವುದು. ಎರಡು ವರ್ಷದ ಜಮಾ–ಖರ್ಚು ಕಣ್ಣ ಮುಂದಿದ್ದರೆ ಕಂತನ್ನು ನಾಲೆಯ ಪಂಚಾಂಗಕ್ಕೆ ಹೊಂದಿಸಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಪೇಟೆಯ ಉದ್ರಿ ಪುಸ್ತಕಗಳು ಒಟ್ಟಿಗೆ ನಡುಗಿದವು. ಅಂಥ ವರ್ಷ ಯಾರು ಮೋಸಗಾರ, ಯಾರು ನೀರಿಲ್ಲದೆ ಸೋತವನು ಎಂದು ಬೇರ್ಪಡಿಸಲು ಬರೀ ಸಿಬಿಲ್ ಅಂಕ ಸಾಲದು.

ಈಗ ಬಂಡೆಯ ಕಡೆಗೆ ಬರೋಣ. ವ್ಯಾಪಾರಿ ತನ್ನ ಎರಡು ವರ್ಷದ ಲೆಕ್ಕವನ್ನು ಬ್ಯಾಂಕಿಗೆ ತೋರಿಸುತ್ತಾನೆ ಎಂದಿಟ್ಟುಕೊಳ್ಳಿ. ಬ್ಯಾಂಕು ಪ್ರತಿಯಾಗಿ ಏನು ತೋರಿಸುತ್ತದೆ? ಜಿಲ್ಲಾವಾರು ಠೇವಣಿ ಮತ್ತು ಸಾಲದ ಮೊತ್ತವನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತದೆ. ಆದರೆ ರಾಯಚೂರು ಎಂಬ ಒಂದೇ ಅಂಕಿಯೊಳಗೆ ನೀರಾವರಿಯ ಸಿಂಧನೂರೂ ಒಣ ಹೊಲಗಳ ಹಳ್ಳಿಗಳೂ ಕರಗಿಹೋಗುತ್ತವೆ. ಲಿಂಗಸುಗೂರಿನಿಂದ ಬೇರ್ಪಟ್ಟು ತಾಲ್ಲೂಕಾದ ಮಸ್ಕಿಗೆ ತನ್ನದೇ ಆದ ಹಳೆಯ ಅಂಕಿಗಳ ಸಾಲೂ ಇಲ್ಲ. ಸಣ್ಣ ವ್ಯಾಪಾರಿಗಳಿಂದ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟು ಯಾವ ಕಾರಣಕ್ಕೆ ತಿರಸ್ಕಾರವಾದವು, ಹೆಂಗಸರದೆಷ್ಟು, ಎಷ್ಟು ದಿನ ಹಿಡಿಯಿತು ಎಂಬುದು ತಾಲ್ಲೂಕು ಬ್ಯಾಂಕರುಗಳ ಸಮಿತಿಯ ಕಡತದಾಚೆ ಯಾರಿಗೂ ಸಿಗುವುದಿಲ್ಲ. ಬೇರೆ ದೇಶಗಳು ಈ ದಾರಿಯಲ್ಲಿ ನಡೆದು ನೋಡಿವೆ. ಯಾವ ಬಡಾವಣೆಗೆ ಎಷ್ಟು ಗೃಹಸಾಲ ಕೊಟ್ಟಿರಿ ಎಂದು ಬಹಿರಂಗಪಡಿಸುವ ಕಾನೂನನ್ನು ಅಮೆರಿಕ 1975ರಲ್ಲಿ ಮಾಡಿತು. ಕೆಲವು ಕೇರಿಗಳನ್ನು ಬ್ಯಾಂಕುಗಳು ಬೇಕೆಂದೇ ಬಿಡುತ್ತಿವೆ ಎಂಬ ದೂರಿಗೆ ಅಂಕಿಯ ಬಲ ಬಂದದ್ದು ಅಲ್ಲಿಂದ. ಬ್ರಿಟನ್ನಿನ 2015ರ ಸಣ್ಣ ಉದ್ದಿಮೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ದೊಡ್ಡ ಬ್ಯಾಂಕುಗಳು ತಮ್ಮ ಸಣ್ಣ ಗಿರಾಕಿಗಳ ಸಾಲದ ಇತಿಹಾಸವನ್ನು, ಗಿರಾಕಿಯ ಒಪ್ಪಿಗೆಯ ಮೇಲೆ, ಇತರ ಸಾಲದಾತರಿಗೂ ಸಿಗುವಂತೆ ಮಾಡಬೇಕು. ಸಾಲ ನಿರಾಕರಿಸಿದರೆ, ಗಿರಾಕಿ ಒಪ್ಪಿದಲ್ಲಿ, ಬೇರೆ ಸಾಲದಾತರನ್ನು ಹುಡುಕಿಕೊಡುವ ವೇದಿಕೆಗೆ ಅವನ ವಿವರ ಕಳಿಸಬೇಕು. ತಿರಸ್ಕಾರವೇ ಮುಂದಿನ ಬಾಗಿಲಿಗೆ ಚೀಟಿಯಾಗುವ ವ್ಯವಸ್ಥೆ ಅದು.

ಬ್ಯಾಂಕುಗಳು ಇದಕ್ಕೆ ಎರಡು ಮಾತು ಹೇಳಬಹುದು. ಒಂದು, ಗಿರಾಕಿಯ ಗೌಪ್ಯ. ತಾಲ್ಲೂಕಿನ ಒಟ್ಟು ಅಂಕಿಯಲ್ಲಿ ಯಾರ ಹೆಸರೂ ಇರುವುದಿಲ್ಲವಾದ್ದರಿಂದ ಆ ಮಾತು ನಿಲ್ಲುವುದಿಲ್ಲ. ಇನ್ನೊಂದು, ಊರನ್ನು ಬಲ್ಲ ಮ್ಯಾನೇಜರಿದ್ದರೆ ಇದೆಲ್ಲ ಏಕೆ ಎಂಬುದು. ಹಿಂದಿನ ತುಂಗಭದ್ರಾ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳ ಬಲವೇ ಮುಖ ನೋಡಿ ಮನುಷ್ಯನನ್ನು ಅಳೆಯುವ ಆ ತಿಳಿವಳಿಕೆಯಾಗಿತ್ತು, ಒಪ್ಪೋಣ. ಆ ಬ್ಯಾಂಕು ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಿನಲ್ಲಿ, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಗಿ, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ. ಸಂಸ್ಥೆ ದೊಡ್ಡದಾದಷ್ಟೂ ಊರಿನ ಪರಿಚಯ ತೆಳುವಾಗುತ್ತದೆ, ಮ್ಯಾನೇಜರ ವರ್ಗಾವಣೆಯಾದ ದಿನ ಅವರ ತಿಳಿವಳಿಕೆಯೂ ಲಾರಿ ಹತ್ತುತ್ತದೆ. ಉಳಿಯುವುದು ಬರೆದಿಟ್ಟದ್ದು ಮಾತ್ರ.

ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಎಂದರೆ, ಎಲ್ಲಕ್ಕಿಂತ ಅಗ್ಗದ ಕೆಲಸದಿಂದ. ಸಾಲ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯಬದ್ಧ ನಡಾವಳಿ ಸಂಹಿತೆ 2003ರಿಂದಲೂ ಹೇಳುತ್ತಿದೆ. ಮೊದಲು ಎರಡು ಲಕ್ಷದವರೆಗಿನ ಸಾಲಕ್ಕೆ, ಆಮೇಲೆ ಎಲ್ಲ ಸಾಲಕ್ಕೂ. ಆ ಪತ್ರ ಕನ್ನಡದಲ್ಲಿರಲಿ, ‘ಪರಿಗಣಿಸಲಾಗಿಲ್ಲ’ ಎಂಬ ಒಂದು ಪದದಲ್ಲಿ ಮುಗಿಯದಿರಲಿ. ಶಿಲ್ಕು ಕಡಿಮೆ, ಹಳೆ ಕಂತು ಬಾಕಿ, ಪರವಾನಗಿ ಇಲ್ಲ ಎಂಬಂತೆ ಕಾರಣ ಬಿಡಿಸಿ ಬರೆದಿರಲಿ. ಅಂಥ ಪತ್ರಗಳ ಎಣಿಕೆಯನ್ನು ಮೂರು ತಿಂಗಳಿಗೊಮ್ಮೆ ಸಿಂಧನೂರು, ಲಿಂಗಸುಗೂರು, ಮಸ್ಕಿಗೆ ಬೇರೆ ಬೇರೆಯಾಗಿ ತಾಲ್ಲೂಕು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ಈ ಮೂರು ಪೇಟೆಗಳಲ್ಲಿ ಸಾಲ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂಬುದು ಒಂದೇ ವರ್ಷದಲ್ಲಿ ತಿಳಿಯುತ್ತದೆ. ಆಗಸ್ಟಿನಲ್ಲಿ ಬರಿಗೈಲಿ ಮರಳುವ ಗೊಬ್ಬರದಂಗಡಿಯವನಿಗೆ ಸಾಲ ಸಿಗದಿರಬಹುದು, ಕಾರಣವಾದರೂ ಸಿಗಲಿ. ಮುಂದಿನ ಆಗಸ್ಟಿಗೆ ಏನು ಸರಿಮಾಡಿಕೊಂಡು ಬರಬೇಕೆಂದು ಅವನಿಗೆ ಗೊತ್ತಿರುತ್ತದೆ.